ರಬ್ಬಿಗಳು ಸರಕಾರವನ್ನು ಕೇಳಿದ್ದು, ಅಕ್ಕ ನನ್ನನ್ನು ಕೇಳಿದ್ದು

ಮಗಳ ಕಾಲೇಜಿನಲ್ಲಿ ಅಮೆರಿಕದ ಇತಿಹಾಸ ಕಲಿಸುವ ಮೇಡಂ ಚೀಟಿ ಎತ್ತಿಸಿ ವಿಷಯ ಹಂಚಿದರಂತೆ. ಒಬ್ಬಳಿಗೆ ರೈಲುಹಳಿ ಬಂತು, ಇನ್ನೊಬ್ಬಳಿಗೆ ಮೂಕಿ ಸಿನೆಮಾ. ನಮ್ಮವಳಿಗೆ ಬಂದದ್ದು, ಸರಕಾರದ ಸಾಮಾಜಿಕ ವಿಮೆಗೆ ಯಹೂದಿ ಧರ್ಮಗುರುಗಳು, ಅಂದರೆ ರಬ್ಬಿಗಳು, ಕೊಟ್ಟ ಬೆಂಬಲ. ಬ್ಯಾಗನ್ನು ಸೋಫಾದ ಮೇಲೆ ಒಗೆದು, "ಸೋ ಬೋರಿಂಗ್, ಅಮ್ಮಾ. ಹೂ ವಿಲ್ ಈವನ್ ಲಿಸನ್?" ಅಂದಳು.

ಇವರು ಆಗಷ್ಟೇ ಮೀನಾ ಅಲ್ ಅಹ್ಮದಿಯ ತೈಲ ರಿಫೈನರಿಯ ಕೆಲಸ ಮುಗಿಸಿ ಬಂದು ಬಾಗಿಲ ಬಳಿ ಕುಳಿತು ಬೂಟಿನ ದಾರ ಬಿಚ್ಚುತ್ತಿದ್ದರು. ರಿಫೈನರಿಯ ಆ ಬೂಟು ಸುಲಭಕ್ಕೆ ಬಿಚ್ಚುವಂಥದ್ದಲ್ಲ. ಆ ಹೊತ್ತಿನಲ್ಲಿ ಮನೆಯ ಸುದ್ದಿಯೆಲ್ಲ ಅವರ ಕಿವಿಗೆ ಬಿದ್ದುಬಿಡುತ್ತದೆ. ಯಹೂದಿ ಎಂಬ ಶಬ್ದ ಕೇಳಿ ತಲೆಯೆತ್ತಿದರು. ಅರಬರ ಈ ನಾಡಿನಲ್ಲಿ ಟಿವಿ ಹಚ್ಚಿದರೆ ಯುದ್ಧ ಬಿಟ್ಟು ಬೇರೆ ಸುದ್ದಿಯಿಲ್ಲದ ದಿನಗಳು ಅವು. ಮನೆಯಲ್ಲಿ ನಾವು ಮೂವರೇ ಇದ್ದರೂ ದನಿ ಇಳಿಸಿ ಕೇಳಿದರು: "ಈ ಊರಾಗ ಕುಂತು ಮಾತಾಡಾಕ ಬ್ಯಾರೆ ವಿಷಯ ಸಿಗಲಿಲ್ಲೇನು ನಿಮ್ಮ ಮೇಡಂಗ?"

"ಪಪ್ಪಾ, ಇಟ್ಸ್ ಹಿಸ್ಟರಿ. ನ್ಯೂಸ್ ಅಲ್ಲ."

"ಆತವಾ. ಹಿಸ್ಟರಿನs ಇರಲಿ. ಲಿಫ್ಟಿನಾಗ ಮಾತ್ರ ಜೋರಾಗಿ ಓದಬ್ಯಾಡ."

ಅವಳು ನಕ್ಕಳು. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಮರುದಿನ ಅವಳು ಮುದ್ರಿಸಿ ತಂದ ಹಾಳೆಗಳು ಊಟದ ಮೇಜಿನ ಮೇಲೇ ಉಳಿದವು, ಬೆಳ್ಳುಳ್ಳಿ ಸುಲಿಯಲು ಕುಳಿತ ನನ್ನ ಕಣ್ಣು ಅವುಗಳ ಮೇಲೆ ಹೋಯಿತು. ಕಾನ್ವೆಂಟಿನಲ್ಲಿ ಕಲಿತವಳಿಗೆ ಇಂಗ್ಲಿಷ್ ಹಾಳೆ ಕಂಡರೆ ಸುಮ್ಮನಿರಲು ಆಗುವುದಿಲ್ಲ. ಓದಿದ ಪುಟಕ್ಕೆ ಬೆಳ್ಳುಳ್ಳಿಯ ಸಿಪ್ಪೆಯನ್ನೇ ಗುರುತಿಟ್ಟುಕೊಂಡು ಓದಿದೆ. ಆ ವಾರ ನಾನು ಬೆಳ್ಳುಳ್ಳಿ ಬೇಕಾದ್ದಕ್ಕಿಂತ ಹೆಚ್ಚೇ ಸುಲಿದೆ.

ಮೊದಲ ಹಾಳೆಯಲ್ಲೇ ಹಳೆಯ ಪರಿಚಯವೊಂದು ಸಿಕ್ಕಿತು. ಶಾಲೆಯಲ್ಲಿ ನಮಗೆ ನೀತಿಪಾಠ ಹೇಳುತ್ತಿದ್ದ ಸಿಸ್ಟರ್, ಅತ್ತೆಯ ಕೈಬಿಡದೆ ಪರದೇಶಕ್ಕೆ ಬಂದ ವಿಧವೆ ಸೊಸೆಯೊಬ್ಬಳು ಕೊಯ್ದ ಹೊಲದಲ್ಲಿ ಹಕ್ಕಲು ಆಯುವ ಕಥೆ ಹೇಳಿದ್ದರು. ಶೇಂಗಾ ಕಿತ್ತ ಹೊಲಗಳಲ್ಲಿ ಸೆರಗು ಕಟ್ಟಿ ಹಕ್ಕಲು ಆಯುವ ಹೆಂಗಸರನ್ನು ನಾನೂ ಕಂಡವಳೇ. ಹೊಲದವರು ಒಳ್ಳೆಯವರಿದ್ದರೆ ಬಿಡುತ್ತಿದ್ದರು, ಇಲ್ಲದಿದ್ದರೆ ಗದರಿಸಿ ಓಡಿಸುತ್ತಿದ್ದರು. ಆ ಕಥೆಯಲ್ಲೂ ಹೊಲದೊಡೆಯ ಒಳ್ಳೆಯವನು, ಅದಕ್ಕೇ ಬಿಟ್ಟ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಹಾಳೆಯಲ್ಲಿ ಬೇರೆಯೇ ಬರೆದಿತ್ತು. ಯಹೂದಿಗಳ ಹಳೆಯ ಧರ್ಮಶಾಸ್ತ್ರದ ಪ್ರಕಾರ ಹೊಲದ ಮೂಲೆಯ ಬೆಳೆ, ಉದುರಿದ ತೆನೆ ಒಡೆಯನದಲ್ಲವೇ ಅಲ್ಲ, ಬಡವರದು. ಅದನ್ನು ಯಾವ ಬಡವನಿಗೆ ಕೊಡಬೇಕೆಂದು ಆರಿಸುವ ಅಧಿಕಾರವೂ ಒಡೆಯನಿಗಿಲ್ಲ. ಅವನು ಬದುವಿನ ಮೇಲೆ ನಿಂತು ಕೃಪೆಯ ಮುಖ ಮಾಡಬೇಕಾಗಿಲ್ಲ, ಅವರು ತಲೆ ತಗ್ಗಿಸಬೇಕಾಗಿಲ್ಲ. ಬೆಳ್ಳುಳ್ಳಿ ಹಿಡಿದ ಕೈ ಹಾಗೇ ನಿಂತಿತು.

ನಮ್ಮ ಮೇಲಿನ ಮಹಡಿಯ ಅಕ್ಕನ ಸಂಗತಿಯನ್ನು ಇಲ್ಲಿ ಹೇಳಬೇಕು, ಏಕೆಂದರೆ ಆ ಹಾಳೆಗಳನ್ನು ನಾನು ಓದಿದ್ದೆಲ್ಲ ಅವರ ಮುಖವನ್ನು ಕಣ್ಣಮುಂದೆ ಇಟ್ಟುಕೊಂಡೇ.

ಅಕ್ಕ ಗದಗಿನ ಕಡೆಯವರು. ರಕ್ತಸಂಬಂಧವೇನಿಲ್ಲ, ನಾನು ಮದುವೆಯಾಗಿ ಸಾಲ್ಮಿಯಾದ ಈ ಕಟ್ಟಡಕ್ಕೆ ಬಂದ ದಿನ ಮೇಲಿನಿಂದ ಇಳಿದು ಬಂದು, "ಹಾಲು ಎಲ್ಲಿ ಛಲೋ ಸಿಗತೈತಿ, ಬಾ ತೋರಸ್ತೀನಿ" ಎಂದು ಕೈಹಿಡಿದು ಕರೆದೊಯ್ದವರು, ಅಂದಿನಿಂದ ಅಕ್ಕ. ಅವರ ಗಂಡ, ನಮಗೆ ಭಾವ, ಗುತ್ತಿಗೆ ಕಂಪನಿಯೊಂದರಲ್ಲಿ ವೆಲ್ಡಿಂಗ್ ಸೂಪರ್‌ವೈಸರ್. ನಮ್ಮ ಕಡೆಯ ಕುಟುಂಬಗಳಲ್ಲಿ ಯಾರಿಗೆ ಕಾಯಿಲೆಯಾದರೂ, ಬಾಣಂತನವಾದರೂ, ಅಕ್ಕ ಫೋನು ಹಿಡಿದು ಕೂತುಬಿಡುತ್ತಿದ್ದರು. ಈ ದೇಶದಲ್ಲಿ ಪರವಾನಗಿ ಇಲ್ಲದೆ ಚಂದಾ ಎತ್ತುವಂತಿಲ್ಲ. ಆದರೆ ಊಟದ ಡಬ್ಬಿಗೆ ಯಾವ ಕಾಯ್ದೆ? ಇಂದು ಈ ಮನೆಯ ರೊಟ್ಟಿ, ನಾಳೆ ಆ ಮನೆಯ ಸಾರು, ನಾಡಿದ್ದು ಮಂಗಳೂರಿನವರ ಮನೆಯ ಕುಚ್ಚಲಕ್ಕಿ ಗಂಜಿ ಎಂದು ಸರದಿ ಹಚ್ಚಿ, ಸ್ಟೀಲಿನ ಡಬ್ಬಿಗಳು ಕಷ್ಟದಲ್ಲಿರುವ ಮನೆಗೆ ತಪ್ಪದೆ ಹೋಗುವಂತೆ ನೋಡಿಕೊಳ್ಳುತ್ತಿದ್ದರು. ನಮ್ಮೆಲ್ಲರಿಗೂ ಆ ಡಬ್ಬಿಗಳ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು.

ಆ ವರ್ಷ ಬೇಸಿಗೆ ಕಳೆಯುವ ಹೊತ್ತಿಗೆ ಭಾವನಿಗೇ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಅರ್ಧ ಮಾತು ಹೋಯಿತು. ಮುಂಬರುವ ಕೆಲವು ತಿಂಗಳು ವ್ಯಾಯಾಮ ಬಿಡದೆ ನಡೆಸಿದರೆ ಮತ್ತೆ ನಡೆದಾರು ಎಂದರು ಡಾಕ್ಟರು. ಕಂಪನಿಯ ಕಾಯಿಲೆ ರಜೆಯಲ್ಲಿ ಮೊದಲು ಪೂರ್ತಿ ಸಂಬಳ, ಆಮೇಲೆ ಮುಕ್ಕಾಲು, ಅರ್ಧ, ಕಾಲು, ಕೊನೆಗೆ ಬರೀ ರಜೆ. ಇಲ್ಲಿನ ನಾಗರಿಕರಿಗೆ ಸರಕಾರದ ವಿಮೆಯಿದೆ, ಪಿಂಚಣಿಯಿದೆ. ಹೊರಗಿನಿಂದ ದುಡಿಯಲು ಬಂದ ನಮ್ಮಂಥವರಿಗೆ ಕೆಲಸ ಬಿಡುವ ದಿನ ಕಂಪನಿ ಕೊಡುವ ಗಂಟೇ ಎಲ್ಲ. ಇಲ್ಲಿ ವಾಸಿಸಲು ಬೇಕಾದ ಪರವಾನಗಿ, ಇಕಾಮಾ, ಮುಗಿಯಲು ಇನ್ನೂ ಸಮಯವಿತ್ತು. ಅಲ್ಲಿಯವರೆಗೆ, ಭಾವ ತಮ್ಮ ಕಾಲ ಮೇಲೆ ನಿಲ್ಲುವವರೆಗೆ, ಯಾರ ಮುಂದೂ ಕೈಯೊಡ್ಡದೆ ಈ ಮನೆ ನಡೆಸುವುದು ಹೇಗೆ? ಅಕ್ಕನ ಮುಂದಿದ್ದ ಪ್ರಶ್ನೆ ಅದೊಂದೇ. ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಎಂದಿನಂತೆ ಕುಂಕುಮ ಇಟ್ಟುಕೊಂಡು, ಎಂದಿನಂತೆ ಕೂದಲು ಬಿಗಿಯಾಗಿ ಹೆಣೆದುಕೊಂಡು ಬಾಗಿಲು ತೆಗೆಯುತ್ತಿದ್ದರು. ಬಳೆಗಳು ಮಾತ್ರ ಬಂಗಾರದವು ಹೋಗಿ ಗಾಜಿನವಾಗಿದ್ದವು.

ಸರದಿ ಹಚ್ಚುವ ಸ್ಥಿತಿಯಲ್ಲಿ ಈಗ ಅಕ್ಕ ಇರಲಿಲ್ಲ, ಆದರೂ ಡಬ್ಬಿಗಳು ತಾವಾಗಿಯೇ ಮೇಲಕ್ಕೆ ಹೋದವು. ನಾನೂ ಕಳಿಸಿದೆ. ದೂರದ ಖೈತಾನ್ ಬಡಾವಣೆಯಿಂದಲೂ ಬಂದವು.

ಇತ್ತ ಮೇಜಿನ ಮೇಲೆ ಹಾಳೆಗಳು ಮುಂದುವರಿದವು. ಹಿಂದಿನ ಕಾಲದ ಯಹೂದಿ ಊರುಗಳಲ್ಲಿ ಬಡವರಿಗಾಗಿ ಊರಿನದೇ ಒಂದು ಭಂಡಾರ ಇರುತ್ತಿತ್ತಂತೆ. ಅದಕ್ಕೆ ಪಾಲು ಕೊಡುವುದು ಮನಸ್ಸಿಗೆ ಬಿಟ್ಟ ಮಾತಲ್ಲ, ಕಡ್ಡಾಯ. ಸಂಗ್ರಹಿಸಲು ಇಬ್ಬರು ಕೂಡಿಯೇ ಹೋಗಬೇಕು, ಹಂಚಲು ಮೂವರು ಕೂಡಬೇಕು. ಅವರ ದೊಡ್ಡ ದೇವಾಲಯದಲ್ಲಿ ಗುಟ್ಟಿನ ಕೋಣೆಯೊಂದಿತ್ತು; ಕೊಡುವವರು ಒಳಗೆ ಹೋಗಿ ಇಟ್ಟು ಬರುತ್ತಿದ್ದರು, ಬೇಕಾದವರು ಹೋಗಿ ತೆಗೆದುಕೊಳ್ಳುತ್ತಿದ್ದರು, ಯಾರು ಕೊಟ್ಟರು ಯಾರು ಪಡೆದರು ಎಂಬುದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ವೈದ್ಯನೂ ಆಗಿದ್ದ ಅವರ ಹಳೆಯ ಪಂಡಿತನೊಬ್ಬ ಕೊಡುವುದಕ್ಕೆ ಮೆಟ್ಟಿಲುಗಳನ್ನೇ ಕಟ್ಟಿಟ್ಟಿದ್ದ. ಮುಖ ಸಿಂಡರಿಸಿ ಕೊಡುವುದು ಕೆಳಗಿನದು. ಎಲ್ಲಕ್ಕಿಂತ ಮೇಲಿನದು, ಒಬ್ಬ ಮನುಷ್ಯ ಮತ್ತೆ ಕೇಳಬೇಕಾಗದಂತೆ ಅವನಿಗೆ ಕೆಲಸವನ್ನೋ ಪಾಲುದಾರಿಕೆಯನ್ನೋ ಒದಗಿಸುವುದು.

ಇಷ್ಟೆಲ್ಲ ಇದ್ದವರು ಅಮೆರಿಕದಲ್ಲಿ 1930ರ ಸುಮಾರಿಗೆ ಕಾರ್ಖಾನೆಗಳು ಮುಚ್ಚಿ, ಜನ ಬೀದಿಗೆ ಬಿದ್ದ ಕಾಲದಲ್ಲಿ ಏನು ಮಾಡಿದರು ಎಂಬುದು ಕೊನೆಯ ಹಾಳೆಗಳಲ್ಲಿತ್ತು. ನಾನು ಊಹಿಸಿದ್ದು, ದಾನದ ಮಹಿಮೆ ಹೇಳಿ ಇನ್ನಷ್ಟು ಕೊಡಿ ಎಂದು ತಮ್ಮವರನ್ನು ಒತ್ತಾಯಿಸಿರಬೇಕು ಎಂದು. ಅದನ್ನೂ ಮಾಡಿದ್ದರು. ಆದರೆ ಅವರ ರಬ್ಬಿಗಳು ತಮ್ಮ ಸಭೆಗಳಲ್ಲಿ ಕೂಡಿ, ಇದು ನಮ್ಮ ಪೆಟ್ಟಿಗೆಯಿಂದ ಆಗುವ ಕೆಲಸವಲ್ಲ, ಮುಪ್ಪಿನವರಿಗೆ ಪಿಂಚಣಿ, ಕೆಲಸ ಹೋದವರಿಗೆ ವಿಮೆ, ಕಾಯಿಲೆ ಬಿದ್ದವರಿಗೆ ಆಸರೆ ಕಾನೂನಿನಿಂದಲೇ ಬರಬೇಕು ಎಂದು ಸರಕಾರವನ್ನು ಕೇಳಿದರು. ತಮ್ಮ ಜನಕ್ಕೆಂದು ಕೇಳಲಿಲ್ಲ, ದೇಶದ ಎಲ್ಲ ದುಡಿಯುವವರಿಗೆ ಕೇಳಿದರು. ಕ್ರೈಸ್ತ ಗುರುಗಳೂ ಕೆಲವರು ಅದೇ ಮಾತು ಹೇಳಿದರು.

ನಾನು ಹಾಳೆ ಕೆಳಗಿಟ್ಟೆ. ಕೊಡುವುದರಲ್ಲಿ ಎಂಥ ಸುಖವಿದೆ ಎಂಬುದು ಡಬ್ಬಿ ತುಂಬಿಸಿದ ಪ್ರತಿ ಹೆಂಗಸಿಗೂ ಗೊತ್ತು. ಮುಚ್ಚಳ ಒತ್ತುವಾಗ ಮನಸ್ಸು ಹಗುರಾಗುತ್ತದೆ. ಸಾವಿರಾರು ವರ್ಷಗಳಿಂದ ಆ ಸುಖವನ್ನು ಧರ್ಮವೆಂದು ಕಾಯ್ದುಕೊಂಡು ಬಂದ ಗುರುಗಳೇ, ಹಸಿದವನ ಊಟ ನಮ್ಮ ಒಳ್ಳೆಯತನದ ಮೇಲೆ ನಿಲ್ಲಬಾರದು ಎಂದರಲ್ಲ! ದಾನದ ಪೆಟ್ಟಿಗೆ ಕಾಯುವವರೇ ಪೆಟ್ಟಿಗೆ ಸಾಲದು ಎಂದರು. ಅಂಥ ಮಾತಿಗೆ ಎಷ್ಟು ದೊಡ್ಡ ಮನಸ್ಸು ಬೇಕು ಎಂದು ಮೈ ಜುಮ್ಮೆಂದಿತು. ಚಿಕ್ಕವಳಿದ್ದಾಗ ಶಾಲೆಯ ಚಾಪೆಲ್ಲಿನಲ್ಲಿ ಬಣ್ಣದ ಗಾಜಿನ ಬೆಳಕು ಕೈಮೇಲೆ ಬಿದ್ದಾಗ ಹೀಗೆ ಆಗುತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ನನ್ನ ಡಬ್ಬಿ ಹಿಡಿದು ಮೇಲೆ ಹೋದೆ. ಬಾಗಿಲು ಓರೆಯಾಗಿತ್ತು, ಭಾವ ಮಲಗಿದ್ದರು. ಅಡುಗೆಮನೆಯಲ್ಲಿ ಅಕ್ಕ ನನಗೆ ಬೆನ್ನು ಮಾಡಿ ನಿಂತಿದ್ದರು. ಕಟ್ಟೆಯ ಮೇಲೆ ತೊಳೆದು ಒರೆಸಿದ ಡಬ್ಬಿಗಳು ಸಾಲಾಗಿದ್ದವು, ಮುಚ್ಚಳ ತೆರೆದು. ಒಂದರಲ್ಲಿ ಶೇಂಗಾ ಚಟ್ನಿಪುಡಿ. ಒಂದರಲ್ಲಿ ಒಂದು ಹಿಡಿ ಪುಟಾಣಿ. ಮುಂದಿನದರಲ್ಲಿ ತಳ ಮುಚ್ಚುವಷ್ಟೂ ಇಲ್ಲದ ಸಕ್ಕರೆ. ಅಕ್ಕ ಸಕ್ಕರೆಯ ಭರಣಿಯನ್ನು ಬೋರಲು ಹಾಕಿ ತಳ ತಟ್ಟುತ್ತಿದ್ದರು. ಅದರಿಂದ ಉದುರಿದ್ದು ಕೊನೆಯ ಡಬ್ಬಿಗೆ ಸಾಲಲಿಲ್ಲ. ಸ್ವಲ್ಪ ಯೋಚಿಸಿ ಅದಕ್ಕೊಂದು ನಿಂಬೆಹಣ್ಣು ಇಟ್ಟರು.

ತುಂಬಿ ಬಂದ ಡಬ್ಬಿ ಖಾಲಿ ಹೋಗಬಾರದು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಖಾಲಿ ಡಬ್ಬಿ ಹಿಂದಿರುಗಿಸಲು ಕೈಯೇ ಬರುವುದಿಲ್ಲ. ನನಗೂ ಪ್ರತಿ ಸಲ ಏನಾದರೊಂದು ಬಂದಿತ್ತು, ನಾನು ಖುಷಿಯಿಂದ ಬಳಸಿಯೂ ಇದ್ದೆ. ನಾವೆಲ್ಲ ಪೈಪೋಟಿಯ ಮೇಲೆ ಕಳಿಸಿದ ಪ್ರೀತಿಯನ್ನು ಹಿಂದಿರುಗಿಸುತ್ತಾ ಈ ಅಡುಗೆಮನೆ ಬರಿದಾಗುತ್ತಿತ್ತು.

ಅಕ್ಕ ತಿರುಗಿ ನೋಡಿದರು. ನನ್ನ ಕೈಯಲ್ಲಿದ್ದ ಡಬ್ಬಿಯನ್ನೂ ನೋಡಿದರು. ಮುಚ್ಚಿಡುವ ಹೊತ್ತು ದಾಟಿತ್ತು. ಕುರ್ಚಿ ಎಳೆದು ಕುಳಿತು ಸೆರಗಿನಿಂದ ಕೈ ಒರೆಸಿಕೊಂಡರು.

"ಒಂದು ಮಾತು ಹೇಳಲೇನ, ತಂಗಿ," ಅಂದರು. "ನಾನs ಎಷ್ಟ ಮನಿಗೆ ಡಬ್ಬಿ ಕಳಿಸೀನಿ. ಅವರು ಅದರಾಗ ಏನ ತುಂಬಿ ತಿರುಗಿ ಕೊಡ್ತಿದ್ರು, ಎಲ್ಲಿಂದ ತಂದು ತುಂಬ್ತಿದ್ರು, ಒಮ್ಮೆನೂ ಕೇಳಲಿಲ್ಲ ನೋಡು."

ತಂದ ಡಬ್ಬಿಯನ್ನು ಅಲ್ಲಿಡಲೂ ಆಗದೆ, ಹಿಂದಕ್ಕೊಯ್ಯಲೂ ಆಗದೆ ನಿಂತೆ. ಅಕ್ಕನೇ ನಕ್ಕು ಅದನ್ನು ತೆಗೆದುಕೊಂಡರು. ಏನು ಪಲ್ಯ ಎಂದು ಕೇಳಿದರು. ಹೀರೇಕಾಯಿ ಅಂದೆ. ಭಾವನಿಗೆ ಸೇರುತ್ತದೆ ಅಂದರು. ಈ ಡಬ್ಬಿ ನಾನೇ ಖಾಲಿ ಮಾಡಿ ಖಾಲಿಯೇ ಒಯ್ಯುತ್ತೇನೆ ಎಂದು ಹಟ ಹಿಡಿದು, ಪಲ್ಯವನ್ನು ಅವರ ಬೋಗುಣಿಗೆ ಸುರಿದೆ. ಆದರೂ ಅವರ ಕಣ್ಣು ಆ ಬರಿದಾದ ಡಬ್ಬಿಯನ್ನು ಬಿಟ್ಟು ಅತ್ತಿತ್ತ ಸರಿಯಲಿಲ್ಲ.

ಸಂಜೆ ಮಗಳು ಕಾಲೇಜಿನಲ್ಲಿ ಹೇಳುವ ಭಾಷಣವನ್ನು ಮನೆಯಲ್ಲಿ ಹೇಳಿ ನೋಡುತ್ತಾಳೆ, ಕೇಳಲು ಬನ್ನಿ ಎಂದು ಕರೆದೆ. ಅವರು ಬರುತ್ತಾರೆಂದು ನನಗೆ ನಂಬಿಕೆಯಿರಲಿಲ್ಲ. ಬಂದರು. ಭಾವನ ಬಳಿ ನಮ್ಮವರು ಕುಳಿತರು.

ಮಗಳು ಸೋಫಾದ ಮುಂದೆ ನೆಟ್ಟಗೆ ನಿಂತು ಇಂಗ್ಲಿಷಿನಲ್ಲಿ ಶುರುಮಾಡಿದಳು. ಆಂಟಿಗೆ ಅರ್ಥವಾಗಲೆಂದು ನಡುನಡುವೆ ಕನ್ನಡಕ್ಕೆ ಇಳಿಯುತ್ತಿದ್ದಳು. ಆ ಕನ್ನಡ ಮುಗ್ಗರಿಸಿದಾಗಲೆಲ್ಲ ನಾನು ಎತ್ತಿಕೊಡುತ್ತಿದ್ದೆ. ಹೊಲದ ಮೂಲೆ ಬಂತು, ಗುಟ್ಟಿನ ಕೋಣೆ ಬಂತು. ಸಂಗ್ರಹಿಸಲು ಇಬ್ಬರು ಹೋಗಬೇಕೆಂಬ ನಿಯಮ ಬಂದಾಗ ಅಕ್ಕ ಕೈಯೆತ್ತಿ ತಡೆದರು.

"ಇಬ್ಬರು ಹೋಗಬೇಕಂತೇನು? ಖರೇ ಐತಿ ನೋಡು. ಒಬ್ಬರs ಹೋದ್ರ, ರೊಕ್ಕ ನುಂಗಿದ್ರು ಅಂತ ಜನ ಸುಮ್ಮನ ಬಿಡಂಗಿಲ್ಲ. ಇದನ್ನ ಮಾಡಿದವರು ಮನಿಮನಿ ತಿರುಗಿದವರs ಇರಬೇಕು."

ಮಗಳಿಗೆ ಹುರುಪು ಬಂತು. ಬೋರಿಂಗ್ ಎಂದವಳು ಹಾಳೆ ಬದಿಗಿಟ್ಟು ಮಾತಾಡತೊಡಗಿದಳು. ರಬ್ಬಿಗಳು ಸರಕಾರವನ್ನು ಕೇಳಿದ ಭಾಗ ಬಂದಾಗ ಅಕ್ಕ ಮುಂದಕ್ಕೆ ಬಾಗಿ ಕುಳಿತಿದ್ದರು.

"ಯಾಕ ಕೇಳಿದ್ರು? ಅಷ್ಟ ಛಲೋ ವ್ಯವಸ್ಥಾ ತಮ್ಮ ಕಡೆ ಇತ್ತಲ್ಲ."

ಮಗಳು ನನ್ನತ್ತ ನೋಡಿದಳು. ಆಮೇಲೆ ನಿಧಾನವಾಗಿ, ಶಬ್ದ ಹುಡುಕುತ್ತಾ ಹೇಳಿದಳು: "ಆಂಟಿ, ಎಲ್ಲರ ಕೆಲಸ ಒಂದೇ ಟೈಮಿಗೆ ಹೋಯ್ತು. ಕೊಡೋರ ಮನೆಯಲ್ಲೂ ಇಲ್ಲ. ಮತ್ತೆ, ಕೆಲವರು ಕೇಳೋಕೇ ಬರಲ್ಲ. ಡೋರ್ ಕ್ಲೋಸ್ ಮಾಡಿ ಒಳಗೇ ಇರ್ತಾರೆ. ಲಾ ಇದ್ದರೆ ಯಾರೂ ಕೇಳಬೇಕಾಗಲ್ಲ. ಅವರು ದುಡಿಯುವಾಗ ಕಟ್ಟಿರ್ತಾರೆ, ಸೋ ಇಟ್ಸ್ ದೇರ್ಸ್."

ಅಕ್ಕ ಗಾಜಿನ ಬಳೆಯನ್ನು ಮಣಿಕಟ್ಟಿನ ಸುತ್ತ ಒಂದು ಸುತ್ತು ತಿರುಗಿಸಿದರು.

"ಅಂದ್ರ ಸರಕಾರ ಕೊಟ್ಟದ್ದಕ್ಕ ಡಬ್ಬಿ ತೊಳೆದು ತುಂಬಿ ಕೊಡೂದು ಇರಂಗಿಲ್ಲ," ಅಂದರು. ನಗುತ್ತಲೇ ಅಂದರು. ನಾನು ಒಂದು ವಾರ ಹಾಳೆಗಳನ್ನು ತಿರುವಿ ಮೈ ಜುಮ್ಮೆನಿಸಿಕೊಂಡದ್ದನ್ನು ಅವರು ಒಂದು ಸಾಲಿನಲ್ಲಿ ಹೇಳಿದ್ದರು.

ಮೆಟ್ಟಿಲುಗಳ ಸಂಗತಿಯನ್ನು ಮಗಳು ಕೊನೆಗೆ ಇಟ್ಟುಕೊಂಡಿದ್ದಳು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಯಾವುದು ಎಂದು ಹೇಳಿ, ಥ್ಯಾಂಕ್ ಯೂ ಎಂದು ತಲೆಬಾಗಿ ಮುಗಿಸಿದಳು. ಅಕ್ಕ ಚಪ್ಪಾಳೆ ತಟ್ಟಲಿಲ್ಲ. ಅವಳನ್ನು ಹತ್ತಿರ ಕರೆದು ಕೆನ್ನೆ ಸವರಿ ಲಟಿಕೆ ಮುರಿದರು. ಆಮೇಲೆ ಚಹಾ ಕುಡಿಯುವಾಗ, ಮಗಳು ಒಳಗೆ ಹೋದ ಮೇಲೆ, ಲೋಟದೊಳಗೆ ನೋಡುತ್ತಾ ಮಾತು ತೆಗೆದರು.

ಖೈತಾನ್‌ನ ನರ್ಸರಿ ಶಾಲೆಯೊಂದರಿಂದ ಕರೆ ಬಂದಿತ್ತಂತೆ. ಮದುವೆಗೆ ಮೊದಲು ಅವರು ಊರಲ್ಲಿ ಬಾಲವಾಡಿ ನಡೆಸಿದ್ದವರು. ಅದನ್ನು ನೆನಪಿಟ್ಟು ಯಾರೋ ಹೇಳಿದ್ದರು. ಇಕಾಮಾವನ್ನು ಶಾಲೆಯವರೇ ತಮ್ಮ ಮೇಲೆ ಮಾಡಿಸಿಕೊಳ್ಳುತ್ತಾರೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೆಲಸ. ಭಾವನನ್ನು ಒಬ್ಬರನ್ನೇ ಬಿಟ್ಟು ಹೋಗುವಂತಿಲ್ಲವಾದ್ದರಿಂದ ಆಗುವುದಿಲ್ಲ ಎಂದು ಹೇಳಿಬಿಡುವುದರಲ್ಲಿದ್ದರು. ನನಗೆ ಇದೇನೂ ಗೊತ್ತಿರಲಿಲ್ಲ. ದಿನಾ ಡಬ್ಬಿ ಕಳಿಸುತ್ತಿದ್ದ ನಾವು ಯಾರೂ ಅವರಿಗೇನು ಬೇಕೆಂದು ಕೇಳಿರಲಿಲ್ಲ.

"ನನಗ ರೊಟ್ಟಿ ಬ್ಯಾಡ, ತಂಗಿ," ಅಂದರು ಅಕ್ಕ. "ನಿನ್ನ ಮುಂಜಾನೆ ಕೊಡ್ತಿ ಏನು?"

ಅಷ್ಟು ದೊಡ್ಡ ಹೆಂಗಸು, ಊರಿಗೆಲ್ಲ ಅಕ್ಕ, ನನ್ನೆದುರು ಕುಳಿತು ನೇರವಾಗಿ ಕೇಳಿದರು. ಕೇಳುವುದಕ್ಕೂ ಒಂದು ಘನತೆ ಇರುತ್ತದೆ ಎಂದು ನಾನು ಕಂಡದ್ದು ಆಗಲೇ. ಹ್ಞೂಂ ಎಂದೆ. ರಾತ್ರಿ ಇವರಿಗೆ ಹೇಳಿದಾಗ, ರಜೆಯ ದಿನದ ವ್ಯಾಯಾಮ ತಮಗಿರಲಿ, ಭಾವನಿಗೆ ಗಂಡಸರ ಜತೆಯೂ ಬೇಕು ಎಂದರು. ಡಬ್ಬಿ ಕಳಿಸುತ್ತಿದ್ದ ಮಿಕ್ಕ ಹೆಂಗಸರಿಗೆ ಇನ್ನು ಡಬ್ಬಿ ಬೇಡ, ವಾರಕ್ಕೊಂದು ಬೆಳಿಗ್ಗೆ ಭಾವನ ಬಳಿ ಕೂರಲು ಬನ್ನಿ ಎಂದೆ. ಕೆಲವರು ಬಂದರು. ಡಬ್ಬಿ ಕಳಿಸುವುದೇ ಸುಲಭವಿತ್ತಲ್ಲ ಎಂದು ನಕ್ಕವರೂ ಇದ್ದರು, ಅದು ಸುಳ್ಳಲ್ಲ. ನಾಲ್ಕಾರು ಮನೆ ಸೇರಿ ಮಾಡಬಹುದಾದದ್ದು ಇಷ್ಟೇ. ಕೂತುಕೊಳ್ಳಲು ಯಾರೂ ಇಲ್ಲದ ಎಷ್ಟು ಮನೆಗಳ ಬಾಗಿಲು ಈ ಊರಿನಲ್ಲಿ ಮುಚ್ಚಿಕೊಂಡಿವೆಯೋ. ಆ ರಬ್ಬಿಗಳಿಗೆ ಕಂಡದ್ದು ಬಹುಶಃ ಅಂಥ ಬಾಗಿಲುಗಳೇ. ಅವನ್ನೆಲ್ಲ ತಟ್ಟುವಷ್ಟು ಕೈಗಳು ಯಾವ ಮಠಕ್ಕೂ ಮಂದಿರಕ್ಕೂ ಇಲ್ಲವೆಂದು ಒಪ್ಪಿಕೊಂಡರು. ಅದನ್ನು ನೆನೆದಾಗ ಈಗಲೂ ನನಗೆ ಕೈಮುಗಿಯಬೇಕೆನಿಸುತ್ತದೆ.

ಮೊದಲ ಬೆಳಿಗ್ಗೆ ನಾನು ಹೋದಾಗ ಅಕ್ಕ ತಯಾರಾಗಿ ನಿಂತಿದ್ದರು. ಇಸ್ತ್ರಿ ಮಾಡಿದ ನೀಲಿ ಚೂಡಿದಾರ, ಅದರ ದುಪಟ್ಟಾಕ್ಕೆ ಎರಡೂ ಭುಜದಲ್ಲಿ ಪಿನ್ನು. ಮಾತ್ರೆ ಎಲ್ಲಿದೆ, ನೀರು ಎಷ್ಟು ಬೆಚ್ಚಗಿರಬೇಕು, ಕೈಯ ವ್ಯಾಯಾಮ ಮೊದಲು ಕಾಲಿನದು ಆಮೇಲೆ ಎಂದು ಎಲ್ಲ ಹೇಳಿದರು. ಭಾವನಿಗೆ ಹೋಗಿ ಬರುತ್ತೇನೆ ಎಂದಷ್ಟೇ ಹೇಳಿ, ಅವರ ಮುಖ ನೋಡದೆ ಚಪ್ಪಲಿ ಮೆಟ್ಟಿದರು. ಭಾವ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಊರೆಲ್ಲ ಕೇಳುವಂತೆ ಮಾತಾಡುತ್ತಿದ್ದವರಿಗೆ, ಕೆಳಗಿನ ಮನೆಯ ಹೆಣ್ಣುಮಗಳು ಕಾಯಲು ಬಂದು ಕುಳಿತದ್ದು ಹೇಗಾಗಿತ್ತೋ.

ನಾನು ಕಿಟಕಿಯ ಬಳಿ ನಿಂತೆ. ಕೆಳಗೆ ಕಿರಾಣಿ ಅಂಗಡಿಯ ಮುಂದೆ ಶಾಲೆಯ ವ್ಯಾನು ನಿಂತಿತ್ತು. ಅಕ್ಕ ಕಟ್ಟಡದಿಂದ ಹೊರಬಂದು, ಬಿಸಿಲಿಗೆ ಒಮ್ಮೆ ಕಣ್ಣು ಕಿರಿದು ಮಾಡಿ, ವ್ಯಾನಿನ ಕಡೆ ನಡೆದರು. ಒಳಗಿದ್ದ ಪುಟ್ಟ ಮಕ್ಕಳಲ್ಲಿ ಒಂದು ಅವರಿಗೆ ಕೈಬೀಸಿತು. ಬಾಗಿಲು ಮುಚ್ಚಿತು.

"ಹೋ... ಹೋದಳೇನ?" ಹಿಂದಿನಿಂದ ಭಾವನ ತೊದಲು ಮಾತು ಬಂತು. ತಿರುಗಿ ನೋಡಿದರೆ ಅವರ ಮುಖ ಗೋಡೆ ಬಿಟ್ಟು ನನ್ನ ಕಡೆಗಿತ್ತು.

"ಹೋದ್ರು, ಭಾವಾ."

"ತಿರುಗಿ... ನೋಡಿದಳೇನ?"

"ಇಲ್ರಿ. ನೆಟ್ಟಗ ಹೋದ್ರು."

ಅವರ ತುಟಿಯ ಎಡಗಡೆ ಮಾತ್ರ ಅಲುಗಿತು, ಆದರೂ ಅದು ನಗುವೇ.

"ಛಲೋ ಆತು," ಅಂದರು, ಮತ್ತು ಬಲಗೈಯನ್ನು ಎಡಗೈಯಿಂದ ಎತ್ತಿ ನನ್ನ ಮುಂದಿಟ್ಟರು, ಶುರುಮಾಡು ಎನ್ನುವಂತೆ.